ಎಡಗಡೆಯ ಡಬ್ಬಿ

ರುಕ್ಮಿಣಿಬಾಯಿಯ ರೊಟ್ಟಿ ಒಡೆಯುವುದಿಲ್ಲ ಎಂಬುದು ಮುಂಬಯಿಯ ಕಾಂದಿವಲಿಯಿಂದ ಮಲಾಡಿನವರೆಗೆ ಅವಳ ಗಿರಾಕಿಗಳಿಗೆಲ್ಲ ಗೊತ್ತಿದ್ದ ಮಾತು. ಬೆಳಿಗ್ಗೆ ಆರಕ್ಕೆ ಬಡಿದ ಜೋಳದ ರೊಟ್ಟಿ ಮಧ್ಯಾಹ್ನ ಎರಡಕ್ಕೆ ಡಬ್ಬಿ ಬಿಚ್ಚಿದರೂ ಮೆತ್ತಗೇ ಇರುತ್ತಿತ್ತು. ನಾಲ್ಕು ಮಡಿಕೆ ಮಡಚಿದರೂ ಸೀಳುತ್ತಿರಲಿಲ್ಲ. ಬಿಳಿ ಅಂದರೆ ಬಿಳಿ. ಕೈಗುಣ, ಕೈಗುಣ ಎಂದು ಜನ ಹೊಗಳಿದ್ದೇ ಹೊಗಳಿದ್ದು. ಕೈಗುಣ ಇರಲಿಲ್ಲ ಅಂತ ನಾನೇಕೆ ಹೇಳಲಿ, ಇತ್ತು. ಆದರೆ ಅರ್ಧ ಗುಣ ಒಲೆಯ ಎಡಗಡೆ ಕೂತಿದ್ದ ಒಂದು ಸ್ಟೀಲಿನ ಡಬ್ಬಿಯದು. ಅದರೊಳಗೆ ಇದ್ದದ್ದು ಮೈದಾ.

ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲದ ಬೆಳಿಗ್ಗೆ ಅದು ಶುರುವಾಯಿತು. ಗಿರಣಿಯವನು ಕೊಟ್ಟ ಹಿಟ್ಟು ಹಳೆಯದು. ಎಸರು ಹೊಯ್ದು ಎಷ್ಟು ನಾದಿದರೂ ಜಿಗುಟು ಬರಲಿಲ್ಲ, ಬಡಿದ ರೊಟ್ಟಿ ಬಡಿದ ಹಾಗೆ ಒಡೆಯುತ್ತಿತ್ತು. ಎಂಬತ್ತು ರೊಟ್ಟಿ ಹೋಗಬೇಕು, ಹೊರಗೆ ನೀರು ಮೊಣಕಾಲಿಗೆ ಬಂದಿದೆ, ಬೇರೆ ಹಿಟ್ಟು ತರುವ ದಾರಿಯೇ ಇಲ್ಲ. ಕಪಾಟಿನಲ್ಲಿ ಮಗಳ ಬಾಣಂತನಕ್ಕೆ ತಂದು ಉಳಿದಿದ್ದ ಮೈದಾ ಇತ್ತು. ಒಂದು ಮುಷ್ಟಿ ಹಾಕಿದಳು. ಅವತ್ತು ಮೂರು ಮನೆಯವರು ಫೋನು ಮಾಡಿ ಇವತ್ತಿನ ರೊಟ್ಟಿ ಬಹಳ ಚೆನ್ನಾಗಿತ್ತು ಎಂದರು. ಅವರು ಬೈದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಹೊಗಳಿ ಕೆಡಿಸಿದರು. ಮುಷ್ಟಿ ಎರಡಾಯಿತು, ಆಮೇಲೆ ಮೂರು ಪಾಲಿಗೆ ಒಂದು ಪಾಲು ಮೈದಾ ಆಯಿತು. ರುಕ್ಮಿಣಿಬಾಯಿ ತನ್ನ ಮನಸ್ಸಿನಲ್ಲಿ ಅದಕ್ಕೆ ಕಲಬೆರಕೆ ಎಂಬ ಹೆಸರನ್ನು ಎಂದೂ ಕೊಡಲಿಲ್ಲ. ಹದ ಎನ್ನುತ್ತಿದ್ದಳು.

ಅವಳು ಆಳಂದ ಕಡೆಯವಳು. ಗಂಡ ಗುರುಪಾದನ ಹಿಂದೆ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗುರುಪಾದ ಕಾಮಾಲೆಯಾಗಿ ತೀರಿಕೊಂಡ ಮೇಲೆ ಇಟ್ಟಿಗೆ ಬಿಟ್ಟು ರೊಟ್ಟಿ ಹಿಡಿದಳು. ಮಗಳನ್ನು ಸೋಲಾಪುರಕ್ಕೆ ಕೊಟ್ಟಳು. ಈಗ ಕಾಂದಿವಲಿಯ ಚಾಳಿನ ಹತ್ತು ಅಡಿ ಖೋಲಿಯಲ್ಲಿ ಒಬ್ಬಳೇ. ಬಲಗಡೆಯ ರಟ್ಟೆ ಬೆಳಿಗ್ಗೆ ಏಳುವಾಗಲೇ ನೋಯುತ್ತಿತ್ತು, ಚಾಳನ್ನು ಕೆಡವಿ ಬಿಲ್ಡಿಂಗ್ ಕಟ್ಟುತ್ತೇವೆಂದು ಬಿಲ್ಡರನ ಜನ ಎರಡು ಸಲ ಅಳತೆ ತೆಗೆದುಕೊಂಡು ಹೋಗಿದ್ದರು. ಖೋಲಿ ಬಾಡಿಗೆಯದು, ಅವಳಿಗೆ ಅದರಲ್ಲಿ ಏನೂ ಬರುವಂತಿರಲಿಲ್ಲ.

ಗಿರಾಕಿಗಳಲ್ಲಿ ಪೂವಪ್ಪನವರು ಬೇರೆಯೇ. ಕಾರ್ಕಳದ ಕಡೆಯವರು, ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕೂತು ನಿವೃತ್ತರಾದವರು. ಹೆಂಡತಿ ಇಲ್ಲ. ಮಗ ಪ್ರೀತಮ್ ದುಬೈಯಲ್ಲಿ, ಮಲಾಡಿನ ಫ್ಲ್ಯಾಟಿನಲ್ಲಿ ಅವರು ಮತ್ತು ಸೊಸೆ ನಿಶಾ. ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಏರಿ, ಡಾಕ್ಟರು ಅನ್ನ ಬಿಡಿ, ಜೋಳದ ರೊಟ್ಟಿ ತಿನ್ನಿ ಎಂದರು. ಕರಾವಳಿಯ ಮನುಷ್ಯನಿಗೆ ಕುಚ್ಚಲಕ್ಕಿ ಗಂಜಿ ಬಿಡು ಅನ್ನುವುದು ಸಣ್ಣ ಮಾತೇ? ಪೂವಪ್ಪನವರು ಒಂದೇ ದಿನದಲ್ಲಿ ಬಿಟ್ಟರು. ಯಾರ್‍ಯಾರನ್ನೋ ವಿಚಾರಿಸಿ ರುಕ್ಮಿಣಿಬಾಯಿಯನ್ನು ಹುಡುಕಿಕೊಂಡು ಬಂದರು. ಅಂದಿನಿಂದ ದಿನಕ್ಕೆ ನಾಲ್ಕು ರೊಟ್ಟಿ, ಮಧ್ಯಾಹ್ನ ಎರಡು, ಸಂಜೆ ಎರಡು.

ಆದರೆ ಅವರ ಸಕ್ಕರೆ ಇಳಿಯಲಿಲ್ಲ. ಇಳಿಯದಿದ್ದಾಗ ಮನೆಯಲ್ಲಿ ಅನುಮಾನ ಶುರುವಾಯಿತು. ರೊಟ್ಟಿ ತಿನ್ನುತ್ತಾರೆ, ವಾಕಿಂಗ್ ಹೋಗುತ್ತಾರೆ, ಮತ್ತೆ ಸಕ್ಕರೆ ಎಲ್ಲಿಂದ? ವಾಕಿಂಗ್ ಹೋದಲ್ಲಿ ಏನೋ ತಿನ್ನುತ್ತಾರೆ ಎಂದು ನಿಶಾ ತೀರ್ಮಾನಿಸಿದಳು. ಸಕ್ಕರೆ, ಬೆಲ್ಲ, ಹಬ್ಬಕ್ಕೆ ಬಂದ ಲಾಡು ಎಲ್ಲವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕೆಟ್ಟ ಹುಡುಗಿಯಲ್ಲ ಅವಳು. ಗಂಡ ದೂರದಲ್ಲಿ, ಮಾವನಿಗೆ ಏನಾದರೂ ಆದರೆ ಉತ್ತರ ಹೇಳಬೇಕಾದವಳು ಅವಳೇ.

ಒಂದು ದಿನ ರುಕ್ಮಿಣಿಬಾಯಿ ರೊಟ್ಟಿ ಕೊಡಲು ಹೋದಾಗ ಬಾಗಿಲು ತೆರೆದೇ ಇತ್ತು. ನಿಶಾ ಮಾವನ ಅಂಗಿಯ ಜೇಬನ್ನು ಹೊರಗೆಳೆದು ನೋಡುತ್ತಿದ್ದಳು, ಪೂವಪ್ಪನವರು ಬನಿಯನ್ನಿನಲ್ಲಿ ಎರಡೂ ಕೈ ಕೆಳಗೆ ಬಿಟ್ಟು ನಿಂತಿದ್ದರು. ಜೇಬಿನಲ್ಲಿ ಬಸ್ಸಿನ ಟಿಕೇಟು ಬಿಟ್ಟರೆ ಏನೂ ಇರಲಿಲ್ಲ. ಅವರು ರುಕ್ಮಿಣಿಬಾಯಿಯನ್ನು ನೋಡಿ ನಕ್ಕರು. "ಚೆಕಿಂಗ್ ಉಂಟು ನಮ್ಮಲ್ಲಿ," ಎಂದರು. ರುಕ್ಮಿಣಿಬಾಯಿ ರೊಟ್ಟಿಯ ಪೊಟ್ಟಣ ಕೊಟ್ಟು ಸರಸರ ಮೆಟ್ಟಿಲಿಳಿದಳು.

ಅವತ್ತು ಖೋಲಿಗೆ ಬಂದವಳು ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಳು. ನಾಳೆಯಿಂದ ಅವರ ನಾಲ್ಕು ರೊಟ್ಟಿ ಬೇರೆ ಎಂದುಕೊಂಡಳು. ಮರುದಿನ ಬೆಳಿಗ್ಗೆ ಎದ್ದಾಗ ಇನ್ನೊಂದು ಯೋಚನೆ ಬಂತು. ಬರೀ ಜೋಳದ ರೊಟ್ಟಿ ಮಧ್ಯಾಹ್ನಕ್ಕೆ ಬಿರುಸಾಗುತ್ತದೆ, ಅವರು ಯಾಕೆ ಹೀಗೆ ಎಂದು ಕೇಳುತ್ತಾರೆ. ಇವತ್ತಿನದು ಹೀಗೆ ಎಂದರೆ ನಿನ್ನೆಯದು ಏನು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅವಳ ಕೈ ಡಬ್ಬಿಗೆ ಹೋಯಿತು. ಇದಾಗಿ ಒಂದೂವರೆ ವರ್ಷ ಕಳೆದಿತ್ತು.

ಹೀಗಿರುವಾಗ ಪೂವಪ್ಪನವರೇ ಒಂದು ಪೇಪರಿನ ತುಂಡು ಕತ್ತರಿಸಿಕೊಂಡು, ರಿಕ್ಷಾ ಮಾಡಿಕೊಂಡು ಚಾಳಿಗೆ ಬಂದರು.

"ನಿಮ್ಮ ಊರಿನವರು ಕೆಲಸ ಕೊಡ್ಲಿಕ್ಕೆ ಮುಂಬಯಿಗೆ ಬರ್ತಾರಂತೆ, ಬಾಯಿ," ಎಂದರು. "ನಾವೆಲ್ಲ ಕೆಲಸ ಹುಡುಕಿ ಇಲ್ಲಿಗೆ ಬಂದವರು. ಈಗ ಕೆಲಸವೇ ನಮ್ಮನ್ನು ಹುಡುಕಿ ಬರುವುದು ನೋಡಿ ಮಾರಾಯ್ತಿ."

ಕನ್ನಡಕ ಏರಿಸಿ ಓದಿ ಹೇಳಿದರು. ಅವಳ ಕಡೆ ಈಗ ತೊಗರಿಬೇಳೆಯ ಮಿಲ್ಲುಗಳು ಹೆಚ್ಚಿವೆ, ಬಿಸಿಲಿನಿಂದ ಕರೆಂಟು ಮಾಡುವ ಘಟಕ ಬಂದಿದೆ, ಸಿರಿಧಾನ್ಯದ ಬಿಸ್ಕತ್ತು ಮಾಡುತ್ತಾರೆ. ಹೆಂಗಸರ ಸಂಘಗಳು ಸೇರಿ ರೊಟ್ಟಿ ಕೇಂದ್ರ ತೆರೆದಿವೆ, ಅಲ್ಲಿಯ ಕಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಪುಣೆಗೂ ಹೈದರಾಬಾದಿಗೂ ಹೋಗುತ್ತದೆ. ಮಿಷನ್ನು ನಡೆಸುವವರು ಬೇಕು, ಡ್ರೈವರುಗಳು ಬೇಕು, ಪ್ಯಾಕಿಂಗಿಗೆ ಜನ ಬೇಕು. ದೂರ ದುಡಿಯಲು ಹೋದ ನಮ್ಮ ಭಾಗದವರಿಗೆ ಮೊದಲ ಅವಕಾಶ. ಭಾನುವಾರ ಕಾಂದಿವಲಿಯ ಒಂದು ಶಾಲೆಯ ಹಾಲಿನಲ್ಲಿ ಮೇಳ.

"ಕೊನೆಯದು ಕೇಳಿ," ಎಂದರು ಪೂವಪ್ಪನವರು. "ರೊಟ್ಟಿ ಕೇಂದ್ರಕ್ಕೆ ಇಬ್ಬರು ತರಬೇತುದಾರರು. ಎಳೆಯ ಹುಡುಗಿಯರಿಗೆ ಕಲಿಸ್ಲಿಕ್ಕೆ. ಸಂಬಳ, ಇರಲಿಕ್ಕೆ ಕೋಣೆ. ವಿದ್ಯಾರ್ಹತೆ ಬೇಡ, ಕೈಯಲ್ಲಿ ಕೆಲಸ ಬೇಕು. ಇದು ನಿಮಗೇ ಬರೆದದ್ದಲ್ವಾ?"

ರುಕ್ಮಿಣಿಬಾಯಿ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಊರು ಬಿಡುವಾಗ ತಲೆಯ ಮೇಲೆ ಒಂದು ಗಂಟು, ಸೊಂಟದಲ್ಲಿ ಕೂಸು. ಅದೇ ಊರಿಗೆ ಕಲಿಸುವವಳಾಗಿ ಹೋಗುವುದು, ಸಾಲಾಗಿ ಕೂತ ಹುಡುಗಿಯರ ನಡುವೆ ನಿಂತು ಕೈ ಹಿಂಗಿಡು, ಹಂಗಿಡಬ್ಯಾಡ ಎನ್ನುವುದು. ಆಸೆ ಅನ್ನುವುದು ಅವಳಿಗೆ ಬಹಳ ವರ್ಷಗಳ ಮೇಲೆ ಆಯಿತು.

"ನನಗ ಕೊಡ್ತಾರಂತೀರೇನ್ರಿ ಕಾಕಾ?"

"ಕೊಡದೆ ಎಂತ? ನಾನೇ ಬರ್ತೇನೆ ನಿಮ್ಮೊಟ್ಟಿಗೆ. ಕಾಗದವನ್ನೂ ಬರೀತೇನೆ." ಆಮೇಲೆ ಸ್ವಲ್ಪ ದನಿ ತಗ್ಗಿಸಿದರು. "ಸೋಮವಾರ ಹತ್ತು ಗಂಟೆಗೆ ನನ್ನ ಡಾಕ್ಟರಿನ ಅಪಾಯಿಂಟ್‌ಮೆಂಟ್. ರಿಪೋರ್ಟ್ ಬಂದಿದೆ, ಈ ಸಲವೂ ಇಳಿದಿಲ್ಲ. ಇನ್ನು ದಿನಾ ಇಂಜೆಕ್ಷನ್ ಅಂತೆ. ಸೂಜಿಗೆ ಹೆದರುವವ ನಾನಲ್ಲ. ನಿಶಾ ಪ್ರೀತಮನಿಗೆ ಫೋನಲ್ಲಿ ಹೇಳುವುದು ಕೇಳಿದೆ, ಪಪ್ಪಾ ಕದ್ದು ತಿಂತಾರೆ ಅಂತ. ನಲವತ್ತು ವರ್ಷ ಬೇರೆಯವರ ಗಲ್ಲೆ ನೋಡಿಕೊಂಡವ ನಾನು. ಒಂದು ನಾಲ್ಕಾಣೆ ಆಚೆ ಈಚೆ ಆಗಲಿಲ್ಲ."

ರುಕ್ಮಿಣಿಬಾಯಿ ಚಹಾಕ್ಕೆ ನೀರಿಡುವ ನೆಪದಲ್ಲಿ ಅವರಿಗೆ ಬೆನ್ನು ಮಾಡಿದಳು. ಡಬ್ಬಿ ಅಲ್ಲೇ ಇತ್ತು, ಅದರ ಮುಚ್ಚಳ ಬಿಗಿಯಾಗಿದೆಯೋ ಎಂದು ಒತ್ತಿ ನೋಡಿದಳು.

ಭಾನುವಾರ ಹಾಲಿನಲ್ಲಿ ಜನವೋ ಜನ. ರಸ್ತೆ ಕೂಡುವ ನಾಕಾದಲ್ಲಿ ನಿಂತು ದಿನಗೂಲಿ ಕೆಲಸ ಹಿಡಿಯುವ ಗಂಡಸರು, ಮನೆಗೆಲಸದ ಹೆಂಗಸರು, ಧಾರಾವಿಯಿಂದ ಲೋಕಲ್ ಹಿಡಿದು ಬಂದ ಹುಡುಗರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಆಧಾರ್. ರೊಟ್ಟಿಯ ಪರೀಕ್ಷೆ ಒಂದು ಮೂಲೆಯಲ್ಲಿ. ಎರಡು ಗ್ಯಾಸಿನ ಒಲೆ, ಕಬ್ಬಿಣದ ಹಂಚು, ಹಿಟ್ಟು ಕಲಸುವ ಪರಾತ, ಊರಿನಿಂದಲೇ ತಂದ ಹಿಟ್ಟಿನ ಚೀಲ. ಪರೀಕ್ಷೆ ಮಾಡುವವಳು ಶಿವಕುಮಾರಿ ಅಂತ, ಮೂವತ್ತರ ಹೆಂಗಸು, ಸಂಘಗಳ ಒಕ್ಕೂಟದ ಕಾರ್ಯದರ್ಶಿ. ಅವಳ ಪಕ್ಕದಲ್ಲಿ ಶೀಲಾವತಿ ಎಂಬ ವಯಸ್ಸಾದ ಹೆಂಗಸು ಮಾತಿಲ್ಲದೆ ಕೂತಿದ್ದಳು, ಕೇಂದ್ರದಲ್ಲಿ ಮೊದಲ ದಿನದಿಂದ ರೊಟ್ಟಿ ಬಡಿಯುವವಳು.

ಪೂವಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ತಾವು ಬರೆದ ಕಾಗದವನ್ನು ಶಿವಕುಮಾರಿಯ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ಎದುರಿಗೇ ನಿಂತರು. ರುಕ್ಮಿಣಿಬಾಯಿಯವರ ಶುದ್ಧ ಜೋಳದ ರೊಟ್ಟಿಯನ್ನು ಮೂರು ವರ್ಷದಿಂದ ಔಷಧದಂತೆ ಸೇವಿಸುತ್ತಿದ್ದೇನೆ, ಇಂಥ ಪ್ರಾಮಾಣಿಕ ಕೈಯನ್ನು ನಾನು ಮುಂಬಯಿಯಲ್ಲಿ ಕಂಡಿಲ್ಲ ಎಂದೆಲ್ಲ ಬರೆದಿದ್ದರು. ಶಿವಕುಮಾರಿ ಮೆಚ್ಚಿಕೊಂಡು ತಲೆದೂಗಿ ಕಾಗದವನ್ನು ಫೈಲಿನಲ್ಲಿಟ್ಟಳು. ಅವರು ಎದುರು ಸಾಲಿನ ಕುರ್ಚಿಯಲ್ಲಿ ಹೋಗಿ ಕೂತರು.

"ಬರ್ರಿ ಅಕ್ಕಾ," ಎಂದಳು ಶಿವಕುಮಾರಿ. "ಹಿಟ್ಟು ಮೊನ್ನಿ ಬೀಸಿದ್ದು, ಹೊಸ ಜ್ವಾಳ. ನಿಮ್ಮ ಕೈಲೇ ಒಂದು ರೊಟ್ಟಿ ಬಡದು ತೋರಿಸ್ರಿ."

ರುಕ್ಮಿಣಿಬಾಯಿ ಕೂತಳು. ಹಿಟ್ಟು ಮುಟ್ಟಿದಳು, ನುಣ್ಣಗೆ, ಇನ್ನೂ ಹೊಸ ಕಾಳಿನ ವಾಸನೆ ಇತ್ತು. ಪರಾತಕ್ಕೆ ಹಾಕಿ, ನಡುವೆ ಗುಳಿ ಮಾಡಿ ಎಸರು ಹೊಯ್ದಳು. ಸುತ್ತ ಜನ ನೋಡುತ್ತಿದ್ದರು, ಅವಳಿಗೆ ಒಳಗೊಳಗೇ ಹೆಮ್ಮೆ. ಬಲಗೈ ಹಿಟ್ಟು ಕಲಸತೊಡಗಿತು. ಎಡಗೈ ತನ್ನಷ್ಟಕ್ಕೆ ಎಡಗಡೆಗೆ ಚಾಚಿತು.

ಅಲ್ಲಿ ಡಬ್ಬಿ ಇರಲಿಲ್ಲ. ಕೈ ಗಾಳಿಯಲ್ಲಿ ಒಮ್ಮೆ ಹುಡುಕಿತು, ಇನ್ನಷ್ಟು ಹಿಂದಕ್ಕೆ ಹೋಗಿ ಮತ್ತೆ ಹುಡುಕಿತು.

"ಏನ್ ಬೇಕ್ರಿ ಅಕ್ಕಾ?"

"ಮೈದಾ," ಎಂದಳು ರುಕ್ಮಿಣಿಬಾಯಿ.

ಹೇಳಿ ಆದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೆ ತಿಳಿಯಿತು. ತಲೆ ಎತ್ತಿದಳು. ಶಿವಕುಮಾರಿ ಅವಳನ್ನೇ ನೋಡುತ್ತಿದ್ದಳು. ಶೀಲಾವತಿಯೂ ನೋಡುತ್ತಿದ್ದಳು. ಹಾಲಿನ ಗದ್ದಲದಲ್ಲಿ ಮಾತು ಪೂವಪ್ಪನವರವರೆಗೆ ಮುಟ್ಟಿರಲಿಲ್ಲ, ಅವರು ಅಲ್ಲಿಂದಲೇ ಕೈ ಎತ್ತಿ ನಡೆಸಿ ಎಂಬಂತೆ ಸನ್ನೆ ಮಾಡಿದರು. ರುಕ್ಮಿಣಿಬಾಯಿ "ಏನಿಲ್ಲ, ಏನಿಲ್ಲ," ಎಂದು ಎಡಗೈಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು.

ಆಮೇಲೆ ಬಡಿದ ರೊಟ್ಟಿಯ ಕಥೆ ಏನು ಹೇಳಲಿ. ನಾಲ್ಕು ವರ್ಷ ಅಂಟು ಹಿಟ್ಟಿಗೆ ಒಗ್ಗಿದ ಅಂಗೈ ಅದು. ಎಷ್ಟು ನಾದಬೇಕೆಂಬುದನ್ನೇ ಮರೆತಿತ್ತು. ಅಂಚು ಸೀಳಿತು, ಸೀಳಿದ್ದನ್ನು ಬೆರಳಿನಿಂದ ಮುಚ್ಚಿದಳು, ಇನ್ನೊಂದು ಕಡೆ ಸೀಳಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಮೂರು ತುಂಡಾಗಿ ಒಂದು ತುಂಡು ಒಲೆಯ ಕೆಳಗೆ ಬಿತ್ತು. ಯಾರೋ ಒಬ್ಬಳು ಕಿಸಕ್ಕೆಂದಳು.

ಪೂವಪ್ಪನವರು ಎದ್ದೇ ಬಿಟ್ಟರು. ಮುಂದೆ ಬಂದು ಹಿಟ್ಟನ್ನು ಬೆರಳಿನಲ್ಲಿ ತೆಗೆದು ಉಜ್ಜಿ ನೋಡಿದರು.

"ಈ ಹಿಟ್ಟು ಸರಿ ಇಲ್ಲ ಮೇಡಂ," ಎಂದರು. "ಹಳತು ಇದು. ಮೂರು ವರ್ಷದಲ್ಲಿ ಇವರ ಒಂದು ರೊಟ್ಟಿ ಒಡೆದದ್ದು ನಾನು ಕಂಡಿಲ್ಲ. ಬೇಕಾದ್ರೆ ಇವರನ್ನೇ ಕೇಳಿ."

ಶಿವಕುಮಾರಿ ಕೇಳಿದಳು. "ಹೌದೇನ್ರಿ ಅಕ್ಕಾ? ಹಿಟ್ಟು ಹಳೇದಾಗ್ಯದೇನು?"

ಮೆತ್ತಗೆ ಕೇಳಿದಳು, ಬಾಯಿ ಬಿಡಿಸಬೇಕೆಂದಲ್ಲ, ಒಂದು ದಾರಿ ಕೊಡಬೇಕೆಂದು. ರುಕ್ಮಿಣಿಬಾಯಿ ಪೂವಪ್ಪನವರ ಇಸ್ತ್ರಿ ಅಂಗಿಯನ್ನು ನೋಡಿದಳು. "ಹಳೇದಿರಬೇಕ್ರಿ," ಎಂದಳು.

ತನ್ನ ಊರಿನ ಕಪ್ಪು ಮಣ್ಣಿನ ಹೊಸ ಜೋಳಕ್ಕೆ ಅವಳು ಆ ಮಾತು ಅಂದಳು. ಶೀಲಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ಒಲೆಗೆ ಕೂತಳು, ಅದೇ ಚೀಲದ ಹಿಟ್ಟು ತೆಗೆದುಕೊಂಡಳು, ಅದೇ ಎಸರು ಹೊಯ್ದಳು. ಅವಳು ಬಡಿಯುವ ಸದ್ದಿಗೆ ಜನ ಸುಮ್ಮನಾದರು. ರೊಟ್ಟಿ ಪರಾತದ ಅಂಚಿನವರೆಗೆ ಹರಡಿತು, ಎಲ್ಲಿಯೂ ಒಂದು ಗೆರೆ ಇಲ್ಲ. ಹಂಚಿಗೆ ಹಾಕಿ ನೀರು ಹಚ್ಚಿ, ತಿರುವಿ, ಉಬ್ಬಿಸಿ ತೆಗೆದು ಒಂದು ತಟ್ಟೆಯಲ್ಲಿಟ್ಟು ಪೂವಪ್ಪನವರ ಮುಂದೆ ಹಿಡಿದಳು. "ತಿಂದು ನೋಡ್ರಿ," ಎಂದಳು. ಪೂವಪ್ಪನವರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಇದರ ರುಚಿಯೇ ಬೇರೆ, ನಮ್ಮ ರುಕ್ಮಿಣಿಬಾಯಿಯದರ ಹಾಗೆ ಇಲ್ಲ ಎಂದು ಗೊಣಗಿ ಸಿಟ್ಟಿನಿಂದಲೇ ಹೊರಗೆ ಹೋದರು.

ಮಧ್ಯಾಹ್ನ ಗದ್ದಲ ಇಳಿದ ಮೇಲೆ ಶಿವಕುಮಾರಿ ಅವಳನ್ನು ಹಾಲಿನ ಹಿಂದಿನ ಕಟ್ಟೆಗೆ ಕರೆದಳು. ರುಕ್ಮಿಣಿಬಾಯಿ ಮನೆಗೆ ಹೋಗಿರಲಿಲ್ಲ. ಹೋಗಬೇಕೆಂದು ಮೂರು ಸಲ ಎದ್ದು ಮೂರು ಸಲ ಕೂತಿದ್ದಳು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎಷ್ಟು ಹಾಕ್ತೀರಿ?"

"ಮೂರಕ್ಕ ಒಂದು," ಎಂದಳು ರುಕ್ಮಿಣಿಬಾಯಿ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಪ್ಯಾಟಿಯೊಳಗ ಭಾಳ ಮಂದಿ ಹಾಕ್ತಾರ. ನಾ ನಿಮಗ ಏನೂ ಅನ್ನಂಗಿಲ್ಲ. ಆದ್ರ ಆ ಅಜ್ಜಾರಿಗೆ ಗೊತ್ತದೇನು?"

ರುಕ್ಮಿಣಿಬಾಯಿ ತಲೆ ಅಲ್ಲಾಡಿಸಿದಳು. ಶಿವಕುಮಾರಿ ಫೈಲಿನಿಂದ ಪೂವಪ್ಪನವರ ಕಾಗದ ತೆಗೆದು ಅವಳ ಕೈಯಲ್ಲಿಟ್ಟಳು. "ಇದು ನಮ್ಮ ಫೈಲಿನಾಗ ಬ್ಯಾಡ್ರಿ. ನೀವ ಇಟ್ಕೋರಿ."

ಆಮೇಲೆ ಹೇಳಿದಳು. ಕಲಿಸುವ ಕೆಲಸ ಕೊಡಲು ಆಗುವುದಿಲ್ಲ, ಆದರೆ ಕಲಿಯುವವರ ಪಟ್ಟಿ ಅಂತ ಒಂದಿದೆ. ಮೂರು ತಿಂಗಳು ಹುಡುಗಿಯರ ಜೊತೆ ಕೂತು ಮೊದಲಿಂದ ಕಲಿಯಬೇಕು, ಆಮೇಲೆ ಕೇಂದ್ರದಲ್ಲಿ ಕಾಯಂ ಕೆಲಸ, ಕೋಣೆ ಎಲ್ಲ.

"ನಿಮ್ಮ ಕೈ ಮರತದ, ಕೆಟ್ಟಿಲ್ಲ," ಎಂದಳು. "ಒಂದ ಜಾಗ ಉಳದದ. ನಾಳೆ ಮುಂಜಾನಿ ಹತ್ತಕ್ಕ ಇಲ್ಲೇ ಬಂದು ಹೆಬ್ಬೆಟ್ಟು ಒತ್ತಬೇಕ್ರಿ, ಆಧಾರ್ ತಗೊಂಡು. ನೀವ ಖುದ್ದ ಇರಬೇಕು, ಮಿಷನ್ನಿನಾಗ ಬೆರಳು ಬರಬೇಕು. ನೀವು ಬರಲಿಲ್ಲಂದ್ರ ಪಟ್ಟಿಯೊಳಗ ನಿಮ್ಮ ಹಿಂದಿನಾಕಿಗೆ ಹೋಗ್ತದ. ಹತ್ತೂವರಿಗೆ ನಾವು ಊರಿಗೆ ಹೊಂಟ್ವಿ."

"ಮತ್ತ ಯಾವಾಗ ಬರ್ತೀರವ್ವ?"

"ಬರ್ತೀವೋ ಇಲ್ಲೋ, ಏನ್ ಹೇಳಲಿ ಅಕ್ಕಾ. ಮಂದಿ ಅಲ್ಲೇ ಸಿಗಲಿಕ್ಕ ಹತ್ಯಾರ."

ರುಕ್ಮಿಣಿಬಾಯಿ ಹೊರಗೆ ಬಂದಳು. ಹತ್ತಕ್ಕೆ ಬರುವುದು, ಬೆರಳು ಒತ್ತುವುದು, ಗಂಟು ಕಟ್ಟುವುದು. ಗಿರಾಕಿಗಳಿಗೆಲ್ಲ ಊರಿಗೆ ಹೋಗುತ್ತೇನೆ ಎಂದು ಫೋನಿನಲ್ಲೇ ಹೇಳಿದರೆ ಆಯಿತು, ಇನ್ನು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಲ್ಲಿ ಶುದ್ಧವಾಗಿ ಬಡಿಯುವುದು, ಇಲ್ಲಿಯದು ಇಲ್ಲಿಗೇ ಮುಗಿಯಿತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದೇ ಹತ್ತು ಗಂಟೆಗೆ ಮಲಾಡಿನಲ್ಲಿ ಒಬ್ಬ ಮನುಷ್ಯ ತಾನು ತಿನ್ನದ ಲಾಡುವಿಗಾಗಿ ಸೂಜಿಗೆ ತೋಳು ಚಾಚಿ ಕೂತಿರುತ್ತಾರೆ ಎಂಬುದು ಅವಳ ತಲೆಯಿಂದ ಹೋಗಲೊಲ್ಲದು. ಕಾಂದಿವಲಿ ಸ್ಟೇಶನ್ನಿನ ಮೆಟ್ಟಿಲ ಮೇಲೆ ನಿಂತು ತನಗೆ ತಾನೇ ಬೈದುಕೊಂಡಳು. ಆಮೇಲೆ ಮಲಾಡಿಗೆ ಟಿಕೇಟು ತೆಗೆದಳು.

ಸಂಜೆ ಐದಾಗಿತ್ತು. ಬಾಗಿಲು ತೆರೆದವಳು ನಿಶಾ. ಪೂವಪ್ಪನವರು ಊಟದ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದರು, ಪಕ್ಕದಲ್ಲಿ ಸಕ್ಕರೆ ಇಲ್ಲದ ಚಹಾ.

"ಬನ್ನಿ ಬನ್ನಿ. ನಿಮ್ಮದೇ ಕೆಲಸ ಮಾಡ್ತಾ ಇದ್ದೇನೆ," ಎಂದರು. "ಒಕ್ಕೂಟದ ಅಧ್ಯಕ್ಷರಿಗೆ ಕಂಪ್ಲೇಂಟ್. ಕೇಳಿ, ಸರಿ ಉಂಟಾ ಹೇಳಿ." ಕನ್ನಡಕ ಸರಿಪಡಿಸಿಕೊಂಡು ಓದಿದರು. "ನಿಮ್ಮವರು ತಂದಿದ್ದ ಕಳಪೆ ಹಿಟ್ಟಿನ ದೆಸೆಯಿಂದ ಒಬ್ಬ ಪ್ರಾಮಾಣಿಕ ಹೆಂಗಸಿಗೆ ನಾಲ್ಕು ಜನರ ಮುಂದೆ ಅವಮಾನವಾಗಿದೆ."

"ಹಿಟ್ಟು ಛಲೋ ಇತ್ರಿ ಕಾಕಾ," ಎಂದಳು ರುಕ್ಮಿಣಿಬಾಯಿ.

"ಹಾಂ?"

"ಹಿಟ್ಟು ಛಲೋ ಇತ್ತು. ಬರೀ ಜ್ವಾಳದ ಹಿಟ್ಟು. ನನಗ ಅದರಾಗ ರೊಟ್ಟಿ ಬಡೀಲಿಕ್ಕ ಬರಲಿಲ್ಲ. ನಾ ಮೈದಾ ಕಲಸ್ತೀನ್ರಿ. ನಿಮ್ಮ ರೊಟ್ಟಿಯೊಳಗೂ."

ನಿಂತೇ ಹೇಳಿದಳು. ಮುಂದೆಯೇ ಖಾಲಿ ಕುರ್ಚಿ ಇದ್ದರೂ ಕೂರಲಿಲ್ಲ. ನೆಲದ ಟೈಲ್ಸಿನ ಒಂದು ಹೂವನ್ನು ನೋಡುತ್ತಿದ್ದಳು.

ಪೂವಪ್ಪನವರು ಪೆನ್ನು ಹಿಡಿದೇ ಇದ್ದರು. "ಯಾವಾಗಿನಿಂದ?"

"ನೀವು ತಿನ್ನಲಿಕ್ಕ ಹತ್ತಿದ ದಿನದಿಂದ."

"ಒಂದು ದಿನವೂ ಬರೀ ಜೋಳದ್ದು ತಿನ್ಲಿಲ್ವಾ ನಾನು? ಮೂರು ವರ್ಷದಲ್ಲಿ?"

"ಇಲ್ರಿ. ಇವತ್ತು ಆ ಶೀಲಾವತಿ ಕೊಟ್ಟಿದ್ದು, ಅದೊಂದ."

ಅವರು ಪೆನ್ನಿನ ಟೋಪಿ ಹಾಕಿದರು. ಮೇಜಿನ ಮೇಲಿಟ್ಟರು. ರುಕ್ಮಿಣಿಬಾಯಿ ಬೈಗುಳಕ್ಕೆ ಕಾದಳು. ಬೈಯಲಿ, ಹೊರಗೆ ನಡಿ ಎನ್ನಲಿ, ರೈಲಿನಲ್ಲಿ ಬರುವಾಗ ಅದಕ್ಕೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಪೊಲೀಸರನ್ನು ಕರೆದರೂ ಸರಿಯೇ ಎಂದುಕೊಂಡಿದ್ದಳು.

ಪೂವಪ್ಪನವರ ಮುಖ ಅರಳಿತು. ಸುಳ್ಳಲ್ಲ, ಅರಳಿತು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅವರು ನಗುತ್ತಿದ್ದರು.

"ನಿಶಾ," ಎಂದು ಕೂಗಿದರು. "ನಿಶಾ, ಇಲ್ಲಿ ಬಾ. ಬೇಗ ಬಾ."

ನಿಶಾ ಒಳಗಿನಿಂದ ಬಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅಷ್ಟಿಷ್ಟು ಅರ್ಥವಾದರೂ ಆಳಂದದ ಕನ್ನಡ ಅವಳಿಗೆ ಹತ್ತುತ್ತಿರಲಿಲ್ಲ.

"ಇವಳಿಗೆ ಹೇಳಿ ಬಾಯಿ," ಎಂದರು ಪೂವಪ್ಪನವರು. "ಹಿಂದಿಯಲ್ಲಿ ಹೇಳಿ. ನನಗೆ ಹೇಳಿದ್ದನ್ನೇ ಹೇಳಿ, ಪೂರಾ."

ರುಕ್ಮಿಣಿಬಾಯಿ ಎರಡನೇ ಸಲ ಹೇಳಿದಳು. ಅವಳ ಹಿಂದಿ ಕಟ್ಟಡದ ಹಿಂದಿ, ಅದರಲ್ಲಿ ಸುತ್ತಿಬಳಸುವ ಮಾತುಗಳಿಲ್ಲ. "ರೋಟಿ ಮೇ ಮೈದಾ ಡಾಲ್‌ತಿ ಮೈ. ತೀನ್ ಸಾಲ್," ಎಂದಳು. ಕನ್ನಡದಲ್ಲಿ ಹೇಳಿದಾಗ ಅಷ್ಟು ಬೆತ್ತಲೆ ಅನ್ನಿಸಿರಲಿಲ್ಲ.

ನಿಶಾ ಅವಳನ್ನು ನೋಡಿದಳು, ಮಾವನನ್ನು ನೋಡಿದಳು. ಸೊಂಟದಲ್ಲಿದ್ದ ಕೀಲಿಯ ಗೊಂಚಲಿನ ಮೇಲೆ ಅವಳ ಕೈ ಹೋಯಿತು, ಅಲ್ಲೇ ನಿಂತಿತು.

"ಕೇಳಿದ್ಯಾ?" ಎಂದರು ಪೂವಪ್ಪನವರು. "ನಾನು ಕದ್ದು ತಿನ್ಲಿಲ್ಲ. ಒಂದು ಬತ್ತಾಸು ತಿನ್ಲಿಲ್ಲ ನಾನು."

"ಪಪ್ಪಾ," ಎಂದಳು ನಿಶಾ.

ಅವರು ಆಗಲೇ ಫೋನು ತೆಗೆದು ಒತ್ತುತ್ತಿದ್ದರು. ಅವಸರಕ್ಕೆ ನಂಬರು ಎರಡು ಸಲ ತಪ್ಪಿತು. ದುಬೈಯಲ್ಲಿ ಪ್ರೀತಮ್ ಎತ್ತಿಕೊಂಡ, ಏನಾಯ್ತು ಪಪ್ಪಾ ಎಂದು ಗಾಬರಿಯಿಂದ ಕೇಳಿದ. ಪೂವಪ್ಪನವರು ಫೋನನ್ನು ರುಕ್ಮಿಣಿಬಾಯಿಯ ಮುಖದ ಮುಂದೆ ಹಿಡಿದರು. ಪರದೆಯ ಮೇಲೆ ಅಪರಿಚಿತ ಗಂಡಸಿನ ಮುಖ, ಮೂಲೆಯಲ್ಲಿ ಪುಟ್ಟದಾಗಿ ಅವಳದೇ ಮುಖ. ತನ್ನ ಮುಖವನ್ನು ನೋಡಿಕೊಂಡೇ ಅವಳು ಮೂರನೇ ಸಲ ಹೇಳಿದಳು. ಈ ಸಲ ನಡುವೆ ದನಿ ಇಳಿಯಿತು, ಪೂವಪ್ಪನವರು ಮೆತ್ತಗೆ, "ಸ್ವಲ್ಪ ಜೋರಾಗಿ ಹೇಳಿ, ಅವನಿಗೆ ಕೇಳ್ಸುದಿಲ್ಲ," ಎಂದರು. ಸಿಟ್ಟಿನಿಂದಲ್ಲ. ಕಳೆದುಹೋದ ಯಾವುದನ್ನೋ ಅವಳು ಹುಡುಕಿ ತಂದುಕೊಟ್ಟ ಹಾಗೆ, ಪ್ರೀತಿಯಿಂದ ಹೇಳಿದರು. ಅವಳಿಗೆ ನಾಚಿಕೆಯಲ್ಲಿ ಸತ್ತು ಹೋಗಬೇಕೆನಿಸಿತು.

ಫೋನಿಟ್ಟ ಮೇಲೆ ಅವರು ಕಣ್ಣು ಒರೆಸಿಕೊಂಡು ಕೂತರು. ಆಗ ಏನೋ ಹೊಳೆದವರಂತೆ ತಲೆ ಎತ್ತಿದರು.

"ಡಾಕ್ಟರಿಗೂ ಹೇಳ್ಬೇಕಲ್ಲ. ನಾನು ಹೇಳಿದ್ರೆ ಅವರು ನಂಬುದಿಲ್ಲ, ನನ್ನ ಮಾತಿಗೆ ಅಲ್ಲಿ ಬೆಲೆ ಹೋಗಿ ಎಷ್ಟೋ ಸಮಯ ಆಯ್ತು. ನೀವೇ ಬಂದು ಹೇಳ್ಬೇಕು ಬಾಯಿ. ನಾಳೆ ಹತ್ತು ಗಂಟೆಗೆ. ಆಗ್ತದಾ?"

ರುಕ್ಮಿಣಿಬಾಯಿಯ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ಚೀಲದಲ್ಲಿ ಆಧಾರ್ ಇತ್ತು, ಪೂವಪ್ಪನವರು ಅವಳನ್ನು ಹೊಗಳಿ ಬರೆದ ಕಾಗದವೂ ಮಡಚಿ ಇತ್ತು. ಹತ್ತಕ್ಕೆ ಹಾಲಿನಲ್ಲಿ ಬೆರಳು ಒತ್ತಬೇಕು, ಹತ್ತೂವರೆಗೆ ಶಿವಕುಮಾರಿಯ ಕಡೆಯವರು ಊರಿಗೆ ಹೊರಡುತ್ತಾರೆ. ಅವಳು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಡಿದಳು.

"ಬರ್ತೀನ್ರಿ," ಎಂದಳು.

"ಕೂತ್ಕೊಳ್ಳಿ ಹಾಗಾದ್ರೆ, ನಿಂತೇ ಇದ್ದೀರಿ." ಪೂವಪ್ಪನವರು ಸೊಸೆಯ ಕಡೆ ತಿರುಗಿದರು. "ನಿಶಾ, ರುಕ್ಮಿಣಿಬಾಯಿಗೆ ಚಹಾ ಮಾಡು. ಸಕ್ಕರೆ ಹಾಕಿ ಮಾಡು."

ನಿಶಾ ಸೊಂಟದಿಂದ ಕೀಲಿ ತೆಗೆದು ಕಪಾಟಿನ ಬೀಗ ತೆರೆದಳು. ಕೀಲಿಯನ್ನು ಬೀಗದಲ್ಲೇ ಬಿಟ್ಟಳು. ಚಹಾ ಬಂತು. ರುಕ್ಮಿಣಿಬಾಯಿ ಅದನ್ನು ಕೊನೆಯ ಗುಟುಕಿನವರೆಗೂ ಕುಡಿದಳು, ಅವರಿಬ್ಬರೂ ನೋಡುತ್ತಿದ್ದರು.